ನಂಜಮ್ಮನ ಲೆಕ್ಕ, ಚೋಮನ ಎತ್ತು

ಗುಬ್ಬಿಯಿಂದ ಓದುಗ ಮಹಾಶಯರೊಬ್ಬರು ಕಾರ್ಡು ಬರೆದಿದ್ದಾರೆ. ಹೌದು ಸ್ವಾಮಿ, ಅಂಚೆ ಕಾರ್ಡೇ! ವಾಟ್ಸಾಪ್ ಕಾಲದಲ್ಲೂ ನೀಲಿ ಇಂಕಿನಲ್ಲಿ, ಅಂಚಿನವರೆಗೂ ತುಂಬಿಸಿ, ಕೊನೆಯ ಸಾಲನ್ನು ವಿಳಾಸದ ಮೇಲಕ್ಕೂ ಹತ್ತಿಸಿ ಬರೆದಿದ್ದಾರೆ. ಅವರ ಪ್ರಶ್ನೆ ಇಷ್ಟು. ಸಿನಿಮಾ ಸುಳ್ಳು ಅಂತ ಗೊತ್ತಿದ್ದೇ ಟಿಕೆಟ್ ತಗೋತೀವಿ; ಹಾಡಿರುತ್ತೆ, ಫೈಟಿರುತ್ತೆ, ಕಾಸಿಗೆ ಮೋಸವಿಲ್ಲ. ಕಾದಂಬರಿಯೂ ಸುಳ್ಳೇ, ಅದರಲ್ಲಿ ಹಾಡೂ ಇಲ್ಲ. ನಡೆದದ್ದನ್ನು ನಡೆದ ಹಾಗೇ ಬರೆದ ಆತ್ಮಕಥೆಗಳು ಇರುವಾಗ ಕಟ್ಟುಕಥೆ ಯಾಕೆ ಓದಬೇಕು? ಉತ್ತರ ಕೊಡಿ ಅಂತ ಗದರಿಸಿ ಕೇಳಿದ್ದಾರೆ.

ಪ್ರಶ್ನೋತ್ತರದ ಪುಟದವರಾಗಿದ್ದರೆ ಒಂದೇ ಸಾಲಿನ ಚಟಾಕಿ ಹಾರಿಸಿ ಮುಗಿಸುತ್ತಿದ್ದರು. ನನಗೆ ಆ ಕಲೆ ಬರಲ್ಲ. ಆದರೆ ಈ ಮೂರು ತಿಂಗಳಲ್ಲಿ ಓದಿದ ಪುಸ್ತಕಗಳು ಹೇಗೋ ಜೋಡಿ ಜೋಡಿಯಾಗಿಯೇ ಕೈಗೆ ಬಂದವು. ಒಂದು ಕಾದಂಬರಿ, ಅದರ ಬೆನ್ನಿಗೇ ಒಂದು ಆತ್ಮಕಥೆ. ಒಂದೇ ನೋವನ್ನು ಒಬ್ಬರು ಕಥೆ ಮಾಡಿ ಹೇಳಿದ್ದಾರೆ, ಇನ್ನೊಬ್ಬರು (ಕೆಲವು ಸಲ ಅವರೇ!) 'ನನಗೆ ಹೀಗಾಯ್ತಪ್ಪ' ಅಂತ ಹೇಳಿದ್ದಾರೆ. ಹಾಗಾಗಿ ಕಾರ್ಡಿಗೆ ಉತ್ತರವೂ ಆಯ್ತು, ಈ ವಾರದ ಕಾಲಂ ಕೂಡ ಆಯ್ತು.

ಹೊಸ ಓದುಗರಿಗೆ ಎರಡು ಮಾತು. ನಾನು ಸೆಕೆಂಡ್ ಪಿಯುಸಿ ಅರ್ಧಕ್ಕೇ ಬಿಟ್ಟವನು. ಇವತ್ತು ತುಮಕೂರಿನಲ್ಲಿ ಸಭೆ, ನಾಳೆ ಕುಣಿಗಲ್ಲಿನಲ್ಲಿ ಜಾತ್ರೆ, ನಾಡಿದ್ದು ಗುಬ್ಬಿಯಲ್ಲಿ ನಾಟಕ. ವರದಿ ಬರೆದು ಕಳಿಸುವುದು, ಹಾಕಿದರೆ ಕಾಸು, ಹಾಕದಿದ್ದರೆ ಬಸ್ ಚಾರ್ಜು ಕೈಯಿಂದ. ನನ್ನ ಲೈಬ್ರರಿ ಅಂದರೆ ಬಸ್ಸಿನ ಕಿಟಕಿ ಪಕ್ಕದ ಸೀಟು. ತುಮಕೂರಿಂದ ಗುಬ್ಬಿಗೆ ಬಿ.ಎಚ್. ರಸ್ತೆಯಲ್ಲಿ ಒಂದು ಅಧ್ಯಾಯ ಮುಗಿಯುತ್ತೆ, ಕುಣಿಗಲ್ಲಿಗಾದರೆ ಎರಡು. ಎದ್ದು ನಿಂತು ಹೋಗಬೇಕಾಗಿ ಬಂದರೆ ಸೊನ್ನೆ. ಪಂಡಿತರ ವಿಮರ್ಶೆ ಬೇಕಾದವರು ದಯವಿಟ್ಟು ಬೇರೆ ಪತ್ರಿಕೆ ಕೊಳ್ಳಿ, ಇಲ್ಲಿ ಸಿಗುವುದು ಬಸ್ಸಿನ ವಿಮರ್ಶೆ.

* * *

2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡರಲ್ಲ, ಆ ವಾರ ನಾನು ಕಂಡ ಪುಸ್ತಕದಂಗಡಿಯಲ್ಲೆಲ್ಲ ಅವರ ಕಾದಂಬರಿಗಳು ಮುಂದಿನ ಸಾಲಿಗೆ ಬಂದು ಕೂತಿದ್ದವು. ನಮ್ಮ ಚಿತ್ರರಸಿಕರಿಗೆ ಅವರ ಹೆಸರು ಹೊಸದಲ್ಲ. 'ವಂಶವೃಕ್ಷ', 'ತಬ್ಬಲಿಯು ನೀನಾದೆ ಮಗನೆ', 'ಮತದಾನ', 'ನಾಯಿ ನೆರಳು', ಎಲ್ಲ ಅವರ ಕಾದಂಬರಿಯಿಂದ ಆದ ಚಿತ್ರಗಳೇ. 'ಗೃಹಭಂಗ' ಕಿರುತೆರೆಗೆ ಬಂತು. ಗಿರೀಶ್ ಕಾಸರವಳ್ಳಿಯವರ ಧಾರಾವಾಹಿ, ನಂಜಮ್ಮನ ಪಾತ್ರದಲ್ಲಿ ಮಾಳವಿಕಾ. ನಾನಾಗ ಚಿಕ್ಕವನು. ಅಮ್ಮ ಪಕ್ಕದ ಮನೆಯ ಟೀವಿ ಮುಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದದ್ದು ಮಾತ್ರ ನೆನಪಿದೆ.

'ಗೃಹಭಂಗ' ಅಚ್ಚಾದದ್ದು 1970ರಲ್ಲಿ. ಕಥೆ ನಡೆಯುವುದು ನಮ್ಮ ತಿಪಟೂರು, ಪಕ್ಕದ ಚನ್ನರಾಯಪಟ್ಟಣದ ಸೀಮೆಯಲ್ಲಿ, ಸ್ವಾತಂತ್ರ್ಯಕ್ಕೆ ಮುಂಚಿನ ಕಾಲದಲ್ಲಿ. ಗುಬ್ಬಿಯಲ್ಲಿ ರೈಲು ಹತ್ತಿದರೆ ಅದೇ ದಾರಿಯಲ್ಲಿ ತಿಪಟೂರು. (ಹಾಸ್ಯ ಚಕ್ರವರ್ತಿ ನರಸಿಂಹರಾಜು ಹುಟ್ಟಿದ ಊರು ಅಂದರೆ ನಿಮಗೆ ಬೇಗ ಗೊತ್ತಾಗುತ್ತೆ.) ಶಾನುಭೋಗರ ಮನೆ. ಅತ್ತೆ ಗಂಗಮ್ಮ ವಿಧವೆ, ಬಾಯಿ ತೆರೆದರೆ ಬೈಗುಳ. ಮಕ್ಕಳು ಚೆನ್ನಿಗರಾಯ, ಅಪ್ಪಣ್ಣಯ್ಯ, ಇಬ್ಬರೂ ದಂಡಪಿಂಡಗಳು. ಚೆನ್ನಿಗರಾಯನ ಹೆಂಡತಿಯಾಗಿ ಬಂದವಳು ನಂಜಮ್ಮ. ಶಾನುಭೋಗಿಕೆ ಗಂಡನ ಹೆಸರಿನಲ್ಲಿ. ಖಿರ್ದಿ ಲೆಕ್ಕ ಬರೆಯುವವಳು ಇವಳು. ಹೊಟ್ಟೆಗೆ ಸಾಲದೆ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಮಕ್ಕಳನ್ನು ಹೆರುತ್ತಾಳೆ, ಓದಿಸುತ್ತಾಳೆ. ಪ್ಲೇಗು ಬರುತ್ತೆ. ದೊಡ್ಡ ಮಗಳು ಪಾರ್ವತಿ, ಮಗ ರಾಮಣ್ಣ ಹೋಗಿಬಿಡುತ್ತಾರೆ. ಆಮೇಲೆ ಅವಳೂ. ಉಳಿದ ಸಣ್ಣ ಹುಡುಗ ವಿಶ್ವನನ್ನು ಕೈಹಿಡಿದುಕೊಂಡು ಹೋಗುವವರು ಬಂಧುಗಳಲ್ಲ, ಊರೂರು ಭಿಕ್ಷೆಗೆ ಹೋಗುವ ಮಾದೇವಯ್ಯನವರು.

ಇದನ್ನು ನಾಲ್ಕು ಟ್ರಿಪ್ಪಿನಲ್ಲಿ ಮುಗಿಸಿ, ಐದನೇ ಟ್ರಿಪ್ಪಿಗೆ ಅವರದ್ದೇ ಆತ್ಮಕಥೆ 'ಭಿತ್ತಿ' ಹಿಡಿದೆ. 1996ರದ್ದು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗು ಎಳೆದುಕೊಂಡು ಹೋದದ್ದು ಅವರ ಸ್ವಂತ ಬಾಳಿನಲ್ಲಿ ಆದದ್ದೇ. ನಡುವೆ ಸ್ಕೂಲು ಬಿಟ್ಟು ಅಲೆದದ್ದು, ಮುಂಬಯಿಯಲ್ಲಿ ರೈಲ್ವೆ ಪೋರ್ಟರ್ ಆಗಿ ಮೂಟೆ ಹೊತ್ತದ್ದು, ಸಾಧುಗಳ ಜೊತೆ ತಿರುಗಿದ್ದು, ಮತ್ತೆ ಬಂದು ಓದಿ ಪ್ರೊಫೆಸರ್ ಆದದ್ದು. (ಓದು ಬಿಟ್ಟವರು ಮತ್ತೆ ಹೋಗಿ ಓದಿದ ಕಥೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆ ವಿಷಯ ಇಲ್ಲಿ ಬೇಡ.)

ಈಗ ಕಾರ್ಡಿನ ಪ್ರಶ್ನೆ. ಒಬ್ಬರೇ ಬರೆದ ಎರಡು ಪುಸ್ತಕ. ಒಂದು ನಿಜ, ಒಂದು ಕಟ್ಟಿದ್ದು. ಯಾವುದು ದೊಡ್ಡದು? ನನ್ನ ಓಟು 'ಗೃಹಭಂಗ'ಕ್ಕೆ, ಅದೂ ಭಾರೀ ಅಂತರದಿಂದ. ಯಾಕೆ ಅಂತ ಗುಬ್ಬಿಯ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಆತ್ಮಕಥೆ ಬರೆಯುವವನು ತಾನು ಕಂಡದ್ದನ್ನು ಬರೆಯಬಹುದು, ಕೇಳಿದ್ದನ್ನು ಬರೆಯಬಹುದು, ಅಷ್ಟೇ. ಹುಡುಗ ರಾತ್ರಿ ಮಲಗಿರುತ್ತಾನೆ. ಆ ಹೊತ್ತಿನಲ್ಲಿ ತಾಯಿ ಎದ್ದು ಕೂತು ಏನು ಮಾಡುತ್ತಿದ್ದಳು, ಏನು ಲೆಕ್ಕ ಹಾಕುತ್ತಿದ್ದಳು, ಯಾರನ್ನು ಮನಸ್ಸಿನಲ್ಲೇ ಬೈಯುತ್ತಿದ್ದಳು, ಅವನಿಗೇನು ಗೊತ್ತು? 'ಭಿತ್ತಿ'ಯಲ್ಲಿ ತಾಯಿ ತೀರಿಹೋಗುತ್ತಾಳೆ, ಹುಡುಗ ಮುಂದೆ ಹೋಗಲೇಬೇಕು, ಯಾಕೆಂದರೆ ಕಥೆ ಅವನದು. 'ಗೃಹಭಂಗ'ದಲ್ಲಿ ಅದೇ ಹುಡುಗ ತನ್ನನ್ನು ತಾನೇ ಒಂದು ಮೂಲೆಗೆ ಸರಿಸಿಕೊಂಡು ಇಡೀ ಮನೆಯನ್ನು ತಾಯಿಗೆ ಬಿಟ್ಟುಕೊಟ್ಟಿದ್ದಾನೆ. ಮಲಗಿದ್ದ ಮಗ ಮೂವತ್ತು ವರ್ಷ ಕಳೆದ ಮೇಲೆ ಎದ್ದು ಹೋಗಿ ತಾಯಿಯ ಪಕ್ಕ ಕೂತ ಹಾಗಿದೆ. ಅದಕ್ಕೆ ಕಟ್ಟುಕಥೆಯೇ ಬೇಕು ಸ್ವಾಮಿ, ಬೇರೆ ದಾರಿ ಇಲ್ಲ.

'ಭಿತ್ತಿ' ಬೇಡ ಅಂತಲ್ಲ. ಮೊದಲ ಭಾಗ ಓದಿ, ಬಸ್ಸು ಸ್ಟಾಪು ದಾಟಿ ಹೋದರೂ ಗೊತ್ತಾಗಲ್ಲ. ಆಮೇಲಾಮೇಲೆ ಕೆಲಸದ ಜಾಗದ ಕಿತ್ತಾಟ, ವಾದ ವಿವಾದ ಜಾಸ್ತಿಯಾಗಿ, ಪ್ರತಿ ಜಗಳದಲ್ಲೂ ಹೇಳುವವರದ್ದೇ ಸರಿ ಅನ್ನುವ ಹಾಗಿದೆ. ನನಗೆ ಆಕಳಿಕೆ ಬಂತು. ನಮ್ಮ ಹೀರೋಗಳ ಸಂದರ್ಶನದಲ್ಲೂ ಇದೇ ಕಾಯಿಲೆ ತಾನೇ!

ಪುಸ್ತಕವನ್ನು ಊರಿಗೆ ತಗೊಂಡು ಹೋಗಿ ಅಮ್ಮನ ಕೈಗೆ ಕೊಟ್ಟೆ. ಊರು ಗುಬ್ಬಿ ತಾಲ್ಲೂಕು. ಅಮ್ಮ ಏಳನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸುತ್ತ, ದಿನಕ್ಕೆ ನಾಲ್ಕೈದು ಪುಟ ಓದುತ್ತಾಳೆ. ಎಂಟು ದಿನ ಬಿಟ್ಟು ಹೋದರೆ ನನಗೇ ಪಾಠ!

"ಏನ್ಲಾ ಇದು, ಗಂಗಮ್ಮನ್ನ ಇಷ್ಟು ಕೆಟ್ಟೋಳು ಮಾಡವ್ರಲ್ಲ? ಗಂಡ ಸತ್ತ, ಎರಡು ಮಕ್ಳು. ಬಾಯಿ ಜೋರಿಲ್ದಿದ್ರೆ ಊರೋರು ಅವಳನ್ನ ಬಾಳಾಕ್ ಬುಡ್ತಿದ್ರಾ?"

"ಆ ಬಾಯಿಂದಲೇ ಅಲ್ವೇನಮ್ಮ ಮನೆ ಹಾಳಾದದ್ದು?" ಅಂದೆ.

"ಹಾಳು ಮಾಡ್ದೋರು ಗಂಡುಮಕ್ಳು ಕಣೋ. ಕೂತ್ಕೊಂಡು ತಿಂದ್ರು. ಬಯ್ದೋಳ ಹೆಸ್ರು ಕೆಟ್ಟೋಯ್ತು, ತಿಂದೋನ್ದು ಏನೂ ಆಗ್ಲಿಲ್ಲ."

ಗಂಗಮ್ಮನ ಬಗ್ಗೆ ನಮ್ಮಿಬ್ಬರ ಜಗಳ ಇನ್ನೂ ನಡೀತಿದೆ. ನನ್ನ ಪ್ರಕಾರ ಅಷ್ಟು ಕಪ್ಪು ಬಣ್ಣ ಆ ಪಾತ್ರಕ್ಕೆ ಬೇಕಿರಲಿಲ್ಲ ಅನ್ನುವಷ್ಟರ ಮಟ್ಟಿಗೆ ಅಮ್ಮನ ಮಾತು ಸರಿ. ಆದರೆ ಅಂಥ ಬಾಯಿಯ ಅತ್ತೆಯಂದಿರನ್ನು ನಾನೂ ಕಂಡಿದ್ದೇನೆ, ಹೆಸರು ಹೇಳಿದರೆ ಊರಿಗೆ ಹೋಗುವ ಹಾಗಿಲ್ಲ.

ಅಮ್ಮ ನಿಂತದ್ದು ಇನ್ನೊಂದು ಜಾಗದಲ್ಲಿ. ನಂಜಮ್ಮ ಲೆಕ್ಕ ಬರೆಯುತ್ತಾಳಲ್ಲ, ಅಲ್ಲಿ. "ಬರೆಯೋಳು ಇವ್ಳು, ದುಡ್ಡು ಅವ್ನಿಗಾ?" ಅಂತ ಎರಡು ಸಲ ಕೇಳಿದಳು. ಅಮ್ಮ ಅಡಿಕೆ ಕಾಲದಲ್ಲಿ ಸುಲಿಯುವ ಕೆಲಸಕ್ಕೆ ಹೋಗುತ್ತಾಳೆ. ದಿನಾ ಎಷ್ಟು ಸುಲಿದರು ಅಂತ ಲೆಕ್ಕ ಇಡುವವರು ಕೆಲಸ ಕೊಟ್ಟವರು; ಕೊನೆಯಲ್ಲಿ ಅವರು ಹೇಳಿದ್ದೇ ಲೆಕ್ಕ. ಈ ಸಲ ಅಮ್ಮ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಾ ರಾತ್ರಿ ಬರೆದಿಟ್ಟಳು. ತನ್ನದಷ್ಟೇ ಅಲ್ಲ, ಜೊತೆಗೆ ಹೋಗುವ ಮೂವರದ್ದೂ. ಸುಗ್ಗಿ ಮುಗಿದ ಮೇಲೆ ಕೂಲಿ ಕೊಡುವಾಗ ಎಂದಿನ ಹಾಗೆ ಕಡಿಮೆ ಹೇಳಿದರಂತೆ. ಅಮ್ಮ ಕ್ಯಾಲೆಂಡರ್ ಬಿಚ್ಚಿ ಮುಂದಿಟ್ಟಳಂತೆ. ಅವರು ನಕ್ಕರಂತೆ. ಅಮ್ಮ ನಗಲಿಲ್ಲವಂತೆ. ಕೊನೆಗೆ ಬಾಕಿ ಬಂತು. ಪೂರ್ತಿ ಬರಲಿಲ್ಲ, ಮುಕ್ಕಾಲು ಪಾಲು ಬಂತು. ಅವರು ಊರಿನವರೇ, ಮುಂದಿನ ವರ್ಷವೂ ಅಲ್ಲಿಗೇ ಕೆಲಸಕ್ಕೆ ಹೋಗಬೇಕು, ಹೆಸರು ಬೇಡ.

ಅರ್ಧ ದಾಟಿದ ಮೇಲೆ ಅಮ್ಮ ಪುಸ್ತಕ ಮುಚ್ಚಿಬಿಟ್ಟಳು. ಇಲಿ ಬೀಳುವುದು, ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವುದು, ಮೈ ಬಿಸಿ ನೋಡುವುದು, ಅಲ್ಲೆಲ್ಲ ತುಟಿ ಅಲ್ಲಾಡಿಸುತ್ತ ಓದಿದವಳು ಪಾರ್ವತಿ ಸಾಯುವ ಪುಟಕ್ಕೆ ನಿಂತಳು. ನಮ್ಮ ಚಿಕ್ಕಮ್ಮ 2021ರ ಮೇ ತಿಂಗಳಲ್ಲಿ ಕೊರೊನಾದಲ್ಲಿ ಹೋದರು. ಅಮ್ಮನಿಗೆ ಮುಖ ನೋಡುವುದಕ್ಕೆ ಸಿಗಲಿಲ್ಲ. "ಮುಂದೆ ಏನಾಯ್ತದೆ ಅಂತ ಸೀರಿಯಲ್ಲಲ್ಲಿ ನೋಡಿದೀನಿ ಬುಡು. ಪುಸ್ತಕದಾಗೆ ನಂಜಮ್ಮ ಇನ್ನೂ ಅವ್ಳೆ, ಹಂಗೇ ಇರ್ಲಿ" ಅಂದಳು. ಬಸ್ ಟಿಕೆಟ್ಟು ಗುರುತಿಗೆ ಇಟ್ಟಿದ್ದು ಆ ಪುಟದಲ್ಲೇ ಇದೆ. ಸರ್ಕಾರದ 'ಶಕ್ತಿ' ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು.

* * *

ಇಷ್ಟು ಓದಿ, ಹಾಗಾದರೆ ಯಾವಾಗಲೂ ಕಾದಂಬರಿಯೇ ಮೇಲು ಅಂತ ತೀರ್ಮಾನ ಮಾಡಬೇಡಿ. ಎರಡನೇ ಜೋಡಿ ಬೇರೆ ಮಾತು ಹೇಳುತ್ತೆ.

ಕುಣಿಗಲ್ ಅಂದರೆ ಜನಕ್ಕೆ ಕೆರೆ, ಕೆರೆಯ ಮೇಲಿನ ಜನಪದ ಹಾಡು, ಕುದುರೆ ಫಾರಂ. ಕೆರೆಯ ವರದಿಗೆ ಅಂತ ಹೋದವನು ಸ್ನೇಹಿತನ ಮನೆಯಿಂದ ಸಿದ್ಧಲಿಂಗಯ್ಯನವರ 'ಊರುಕೇರಿ' ಎತ್ತಿಕೊಂಡು ಬಂದೆ. ಕುಣಿಗಲ್ಲಿಗೆ ಪಕ್ಕದ ತಾಲ್ಲೂಕೇ ಮಾಗಡಿ, ಅಲ್ಲಿಯ ಮಂಚನಬೆಲೆಯಲ್ಲಿ ಹುಟ್ಟಿದವರು ಸಿದ್ಧಲಿಂಗಯ್ಯ. ಹೋರಾಟದ ಕವಿ ಅಂತ ನಿಮಗೆ ಗೊತ್ತು. ನಮ್ಮ ಓದುಗರಿಗೆ ಇನ್ನೊಂದು ಗುರುತು: 1983ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಹಾಡು ಬರೆದವರು. ಬೀದಿಯಲ್ಲಿ ಘೋಷಣೆ ಕೂಗಿಸಿದ ಅದೇ ಕೈ ಪ್ರೇಮಗೀತೆಯನ್ನೂ ಬರೆಯಿತು. ಅವರೂ 2021ರ ಜೂನ್ 11ರಂದು ಕೊರೊನಾದಲ್ಲೇ ಹೋದರು.

ಪುಸ್ತಕದ ಶುರುವಿಗೇ ಒಂದು ದೃಶ್ಯ ಇದೆ. ಹೊಲದಲ್ಲಿ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ನಡೆಯುತ್ತಿದ್ದಾರೆ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ಹುಡುಗ ನಿಂತು ನೋಡುತ್ತಿದ್ದಾನೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಇಷ್ಟೇ. ಬರೆದವರು ಅಳುವುದಿ‍ಲ್ಲ, ಕೂಗುವುದಿಲ್ಲ. ಕಂಡದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ನಾನು ಮಾತ್ರ ಮುಂದಕ್ಕೆ ಹೋಗಲಾರದೆ ಪುಸ್ತಕ ಮಡಿಚಿ ಕಿಟಕಿಯಾಚೆ ನೋಡುತ್ತ ಕೂತೆ.

ಮನೆಗೆ ಬಂದವನೇ ಶಿವರಾಮ ಕಾರಂತರ 'ಚೋಮನ ದುಡಿ' ತೆಗೆದೆ. 1933ರ ಕಾದಂಬರಿ, ತೆಳುವಾದದ್ದು, ಒಂದೇ ರಾತ್ರಿಯ ಓದು. ಚೋಮನಿಗೆ ಬಾಳಿನಲ್ಲಿ ಒಂದೇ ಆಸೆ: ಒಂದು ತುಂಡು ನೆಲವನ್ನು ತಾನೇ ಬೇಸಾಯ ಮಾಡಬೇಕು. ಅವನ ಹತ್ತಿರ ಜೋಡೆತ್ತು ಇದೆ. ಹುಟ್ಟಿದ ಜಾತಿಯ ಕಾರಣಕ್ಕೆ ನೆಲ ಇಲ್ಲ. ಮಗಳು ಬೆಳ್ಳಿ ತೋಟದ ಸಾಲ ತೀರಿಸಲು ಹೋಗಿ ಏನೇನೋ ಆಗುತ್ತೆ. ಸಣ್ಣ ಹುಡುಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರೂ ಮುಟ್ಟಿ ಎತ್ತುವವರಿಲ್ಲ. ಕೊನೆಗೆ ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು, ದುಡಿ ಬಡಿಯುತ್ತ ಸಾಯುತ್ತಾನೆ.

ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಚೋಮನಿಗೆ ಎತ್ತಿದೆ, ಉಳಲು ನೆಲವಿಲ್ಲ. ಸಿದ್ಧಲಿಂಗಯ್ಯನವರ ಅಪ್ಪನ ಮುಂದೆ ಉಳುವ ನೆಲವಿದೆ, ಅದು ಇನ್ನೊಬ್ಬರದು, ಎತ್ತಿನ ಜಾಗದಲ್ಲಿ ಅವರೇ ಇದ್ದಾರೆ. ಚೋಮನ ಕಥೆ ಅಚ್ಚಾಗಿ ಇಪ್ಪತ್ತು ಮೂವತ್ತು ವರ್ಷ ಆದ ಮೇಲಿನ ಮಾತು ಇದು, ಸ್ವಾತಂತ್ರ್ಯ ಬಂದ ಮೇಲಿನದು. ಕಾದಂಬರಿಕಾರರ ಕಲ್ಪನೆ ಎತ್ತಿನವರೆಗೆ ಹೋಗಿ ನಿಂತಿತ್ತು. ನಿಜ ಅದನ್ನೂ ದಾಟಿ ಹೋಗಿತ್ತು.

ಇನ್ನೊಂದು ವ್ಯತ್ಯಾಸ, ನನಗೆ ಇದೇ ದೊಡ್ಡದು ಅನಿಸಿದ್ದು: ನಗು. 'ಚೋಮನ ದುಡಿ'ಯಲ್ಲಿ ಬರೀ ಕತ್ತಲೆ. ಕಾರಂತರು ಕರುಣೆಯಿಂದ ನೋಡಿದ್ದಾರೆ, ಆದರೆ ಗುಡಿಸಲಿನ ಹೊರಗೆ ನಿಂತು ನೋಡಿದ್ದಾರೆ. ಹೊರಗೆ ನಿಂತವರಿಗೆ ಅಳು ಕೇಳಿಸುತ್ತೆ, ಒಳಗಿನ ತಮಾಷೆ ಕೇಳಿಸಲ್ಲ. 'ಊರುಕೇರಿ'ಯಲ್ಲಿ ಹಸಿವಿದೆ, ಅವಮಾನವಿದೆ, ಅದರ ನಡುವೆ ಹೊಟ್ಟೆ ಹುಣ್ಣಾಗುವಷ್ಟು ನಗು ಇದೆ. ಹಾಸ್ಟೆಲ್ಲಿನ ಪ್ರಸಂಗಗಳನ್ನು ಓದುತ್ತ ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕು, ಕಂಡಕ್ಟರ್ ಸಾಹೇಬರು ತಿರುಗಿ ನೋಡುವ ಹಾಗಾಯ್ತು. ಸ್ಮಶಾನದಲ್ಲಿ ಕೂತು ಓದುತ್ತಿದ್ದ ಹುಡುಗ ಇವರು! ದೆವ್ವಗಳ ಕಾಟಕ್ಕಿಂತ ಮನುಷ್ಯರ ಕಾಟ ಜಾಸ್ತಿ ಕಂಡವರು. ಹೀಗೆ ನಗುತ್ತ ಹೇಳುವುದು ಕಲಿತು ಬರುವ ವಿದ್ಯೆಯಲ್ಲ.

ಹಾಗಂತ 1933ರಲ್ಲಿ ಮೇಲ್ಜಾತಿಯ ಒಬ್ಬ ಲೇಖಕರು ಚೋಮನನ್ನು ಕಥಾನಾಯಕ ಮಾಡಿದ್ದು ಸಣ್ಣ ಮಾತಲ್ಲ. ಆವತ್ತಿಗೆ ಚೋಮನ ಮಕ್ಕಳ ಕೈಗೆ ಪೆನ್ನು ಕೊಟ್ಟವರೇ ಕಡಿಮೆ. ಆದರೆ ಇವತ್ತು ಒಂದೇ ಪುಸ್ತಕ ಕೊಳ್ಳುವಷ್ಟು ಕಾಸಿದೆ, ಯಾವುದು ಕೊಳ್ಳಲಿ ಅಂತ ನೀವು ಕೇಳಿದರೆ ನಾನು 'ಊರುಕೇರಿ' ಅಂತೀನಿ. ನೋಡಿ, ಇಲ್ಲಿ ಗೆದ್ದದ್ದು ಆತ್ಮಕಥೆ. ಕಾರ್ಡಿನ ಮಹಾಶಯರಿಗೆ ಅರ್ಧ ಮಾರ್ಕು.

ಒಂದು ಪ್ರಸಂಗ ಹೇಳಲೇಬೇಕು. ಕುಣಿಗಲ್ಲಿನಿಂದ ವಾಪಸ್ ಬರುವಾಗ ಪಕ್ಕದಲ್ಲಿ ಕೂತಿದ್ದ ಯಜಮಾನರು ನನ್ನ ಕೈಯಲ್ಲಿದ್ದ ಪುಸ್ತಕದ ಹೆಸರನ್ನು ಓದಿದರು. ಬಿಳಿ ಪಂಚೆ, ಕೈಯಲ್ಲಿ ಬ್ಯಾಗು, ಬಹಳ ಮರ್ಯಾದಸ್ಥರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮದು ಊರೋ, ಕೇರಿಯೋ?" ಅಂದರು. ನಗುನಗುತ್ತಲೇ ಕೇಳಿದರು. ಜಾತಿ ಕೇಳುವುದಕ್ಕೆ ಇಷ್ಟು ನಯವಾದ ದಾರಿ ನನಗೂ ಗೊತ್ತಿರಲಿಲ್ಲ! "ನಂದು ಬಸ್ಸು ಸಾರ್" ಅಂದೆ. ಅವರು ಆಮೇಲೆ ತುಮಕೂರಿನ ತನಕ ಮಾತಾಡಲಿಲ್ಲ. ಪುಸ್ತಕ ಅಚ್ಚಾಗಿ ಇಷ್ಟು ವರ್ಷ ಆದರೂ ಅದರ ಹೆಸರು ಇನ್ನೂ ಜನರ ಬಾಯಿಂದ ಪ್ರಶ್ನೆ ಹೊರಡಿಸುತ್ತೆ ಅಂದರೆ ಅದು ಹಳೇ ಪುಸ್ತಕವಲ್ಲ ಬಿಡಿ.

* * *

'ಚೋಮನ ದುಡಿ' ಅಂದ ಕೂಡಲೇ ನಿಮಗೆ ಕಣ್ಣ ಮುಂದೆ ಬರುವುದು ಪುಸ್ತಕವಲ್ಲ, ಎಂ.ವಿ. ವಾಸುದೇವರಾವ್ ಅವರ ಮುಖ. ಅದು ನಮ್ಮ ಪತ್ರಿಕೆಯ ಓದುಗರ ಲಕ್ಷಣ, ಒಳ್ಳೆಯದೇ. 1975ರ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಿರ್ದೇಶಕರು ಬಿ.ವಿ. ಕಾರಂತ. ಅವರು ನಮ್ಮ ಗುಬ್ಬಿ ಕಂಪನಿಯ ಹುಡುಗ!

ದಕ್ಷಿಣ ಕನ್ನಡದ ಮಂಚಿಯ ಕಡೆಯ ಬಾಬುಕೋಡಿಯ ಹುಡುಗ ಮನೆ ಬಿಟ್ಟು ಬಂದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದು, ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳಿಸಿದ್ದು ಎಲ್ಲ ನೀವು ಕೇಳಿರುತ್ತೀರಿ. ಅವರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಹೇಳಿದವರು ಕಾರಂತರು, ಕೇಳಿ ಬರೆದುಕೊಂಡವರು ವೈದೇಹಿ. ಓದಿದರೆ ಓದಿದ ಹಾಗಾಗಲ್ಲ, ಎದುರಿಗೆ ಕೂತು ಕೇಳಿದ ಹಾಗಾಗುತ್ತೆ. ಒಂದು ಕಥೆ ಹೇಳುತ್ತ ಇನ್ನೊಂದಕ್ಕೆ ಹಾರುತ್ತಾರೆ, ಅಲ್ಲಿಂದ ಹಾಡಿಗೆ, ಹಾಡಿನಿಂದ ಊಟಕ್ಕೆ. ತಾರೀಖು ಹುಡುಕುವವರಿಗೆ ತಲೆನೋವು. ನನಗೆ ಬಹಳ ಹಿಡಿಸಿತು. ಮಾತಾಡುವವರನ್ನು ತಡೆಯದೆ ಬಿಟ್ಟ ವೈದೇಹಿಯವರಿಗೆ ಒಂದು ಶಿಳ್ಳೆ.

ಇದಕ್ಕೆ ಜೋಡಿ ಯಾವುದು ಅಂದರೆ 'ರಂಗನಾಯಕಿ'. ಅಶ್ವತ್ಥರ ಕಾದಂಬರಿ ಓದಲು ಸಿಕ್ಕಿಲ್ಲ, ಹಾಗಾಗಿ ಅದರ ಬಗ್ಗೆ ಮಾತಾಡಲ್ಲ. 1981ರ ಪುಟ್ಟಣ್ಣನವರ ಚಿತ್ರವನ್ನು ಮಾತ್ರ ಮೊಬೈಲಿನಲ್ಲಿ ಮತ್ತೆ ನೋಡಿದೆ. ಆರತಿಯವರ ಅಭಿನಯಕ್ಕೆ ಈಗಲೂ ಕೈಮುಗಿಯಬೇಕು. ಆದರೆ ಕಂಪನಿಯವರು ಹೇಳಿದ ಪುಸ್ತಕ ಓದಿದ ಮೇಲೆ ಆ ಚಿತ್ರ ನೋಡಿದರೆ ಒಂದು ಮುಳ್ಳು ಚುಚ್ಚುತ್ತೆ. ಬಣ್ಣ ಹಚ್ಚಿದ ಹೆಣ್ಣಿಗೆ ಗಂಡ ಉಳಿಯಬಾರದು, ಮಗ ಉಳಿಯಬಾರದು, ಕೊನೆಗೆ ಅವಳೇ ಉಳಿಯಬಾರದು! ಗುಬ್ಬಿ ಕಂಪನಿಯಲ್ಲಿ ಏನಾಗಿತ್ತು? ಬಿ. ಜಯಮ್ಮನವರು ವೀರಣ್ಣನವರ ಹೆಂಡತಿಯೂ ಹೌದು, ರಂಗದ ಮೇಲೂ ಬೆಳ್ಳಿತೆರೆಯ ಮೇಲೂ ದೊಡ್ಡ ಅಭಿನೇತ್ರಿಯೂ ಹೌದು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು, 2010ರಲ್ಲಿ ರಾಜ್ಯಸಭೆಗೂ ಹೋಗಿ ಕೂತರು. ಕಥೆಯವರು ನಟಿಯನ್ನು ಕೊಂದರು, ನಿಜದಲ್ಲಿ ನಟಿಯರು ಕಂಪನಿಯನ್ನೇ ಹೊತ್ತು ನಡೆದರು. ಪುಟ್ಟಣ್ಣನವರ ಭಕ್ತರು ಬಡಿಗೆ ಹಿಡಿದು ಬರುವ ಮುಂಚೆ ಹೇಳಿಬಿಡುತ್ತೇನೆ, ನಾನೂ ಅವರ ಭಕ್ತನೇ. ಭಕ್ತನಿಗೆ ಬಯ್ಯುವ ಹಕ್ಕಿಲ್ಲದಿದ್ದರೆ ಆ ಭಕ್ತಿ ಯಾಕೆ!

ಜಯಶ್ರೀಯವರ ಆತ್ಮಕಥೆ 'ಕಣ್ಣಾ ಮುಚ್ಚೇ ಕಾಡೇ ಗೂಡೇ' ಈಗ ದಿಂಬಿನ ಪಕ್ಕ ಇದೆ. ಮುಂದಿನ ಸಲ ಅದರ ವಿಚಾರ.

ನನಗೆ ಸಿಗದೇ ಉಳಿದದ್ದು ಒಂದೇ ಪುಸ್ತಕ, ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ'. 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರರನ್ನು ಬೆಳ್ಳಿತೆರೆಗೆ ನಾಯಕನಾಗಿ ಕೊಟ್ಟ ಸಂಸ್ಥೆಯ ಯಜಮಾನರು ತಮ್ಮ ಬಾಳನ್ನು ತಾವೇ ಹೇಗೆ ಹೇಳಿಕೊಂಡಿದ್ದಾರೆ ಅಂತ ನೋಡುವ ಆಸೆ. ಹುಡುಗನ ಕಣ್ಣಿನಿಂದ ಕಂಪನಿಯನ್ನು ನೋಡಿದ್ದಾಯ್ತು, ಮೊಮ್ಮಗಳ ಕಣ್ಣಿನಿಂದ ನೋಡುವುದು ಶುರುವಾಗಿದೆ, ಯಜಮಾನರ ಕಣ್ಣು ಬಾಕಿ. ಯಜಮಾನರು ಲೆಕ್ಕ ಹೇಗೆ ಬರೆದಿದ್ದಾರೆ, ಪರದೆ ಎಳೆಯುವವನ ಸಂಬಳ, ಅಡುಗೆಯವಳ ಸಂಬಳ ಅದರಲ್ಲಿ ಇದೆಯಾ ಅಂತ ತಿಳಿಯಬೇಕು.

ತುಮಕೂರಿನಲ್ಲಿ ಕೇಳಿದೆ, ಸಿಗಲಿಲ್ಲ. ಅವರದೇ ಹೆಸರಿನ ಕಲಾಕ್ಷೇತ್ರದ ಮುಂದೆ ನಾಟಕ ನೋಡಲು ಬಂದವರನ್ನು ಕೇಳಿದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿ ದೇವಸ್ಥಾನದ ಹತ್ತಿರ ಕೂತಿದ್ದ ಹಿರಿಯರೊಬ್ಬರು, "ಇತ್ತು ಕಣಪ್ಪಾ ನಮ್ಮನೇಲಿ, ಯಾವುದೋ ಮದುವೆ ಹೊತ್ತಲ್ಲಿ ಬೀಗರು ತಗೊಂಡೋದ್ರು. ಬೀಗರನ್ನ ಪುಸ್ತಕ ವಾಪಸ್ ಕೇಳಾಕಾಗುತ್ತಾ?" ಅಂದರು. ಆ ಬೀಗರು ಈ ಪತ್ರಿಕೆ ಓದುತ್ತಿದ್ದರೆ, ಅಥವಾ ಬೇರೆ ಯಾರ ಅಟ್ಟದ ಮೇಲಾದರೂ ಇದ್ದರೆ, ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ. ನಾನೇ ಬಂದು ತಗೊಂಡು ಹೋಗುತ್ತೇನೆ. ಎರಡು ವಾರ ಸಾಕು. ಬೈಂಡು ಹಾಕಿಸಿ ವಾಪಸ್ ಕೊಡುತ್ತೇನೆ.